ಆಟಕ್ಕೆ ಹಿಮ್ಮೇಳ

ವಿಮಾನ ನಗರದಲ್ಲಿ ಸಂಸಾರ ಹೂಡಿದವರಿಗೆ ಸದ್ದಿನ ವಿಷಯದಲ್ಲಿ ಬೇರೆಯವರು ಪಾಠ ಹೇಳಬೇಕಾಗಿಲ್ಲ. ಲೋಹಗಾಂವ್ ನಿಲ್ದಾಣದಿಂದ ಏರುವ ವಿಮಾನ ನಮ್ಮ ಮಾತನ್ನು ನಡುವೆಯೇ ತುಂಡರಿಸುತ್ತದೆ. ಅದು ದಾಟಿದ ಮೇಲೆ ಉಳಿದರ್ಧ ಮಾತನ್ನು ಮುಂದುವರಿಸುವುದು ನಮಗೆಲ್ಲ ರೂಢಿಯಾಗಿದೆ. ಇದರ ಮೇಲೆ ಮನೆಯೊಳಗೂ ಗದ್ದಲ ಬೇಡವೆಂದು ನಾವು ಒಂದು ಕಾಯಿದೆ ಮಾಡಿದ್ದೆವು: ಮಗಳು ವಿಡಿಯೋ ಆಟ ಆಡಬಹುದು, ರಾತ್ರಿ ಒಂಬತ್ತರೊಳಗೆ ಮುಗಿಸಬೇಕು, ಸದ್ದು ಮಾತ್ರ ಕೂಡದು. ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಕಟ್ಟಿದವರ ಮನೆಯಲ್ಲಿ ಕಾಯಿದೆಗಳಿಗೆ ಬರವಿರುವುದಿಲ್ಲ.

ಈ ಕಾಯಿದೆ ಬಿದ್ದುಹೋದದ್ದು ನಮ್ಮ ತಾಯಿಯವರಿಂದ. ಹೊನ್ನಾವರದ ಕಡೆಯಿಂದ ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ಅವರು ಒಂದು ಸಂಜೆ ಮೊಮ್ಮಗಳ ಪಕ್ಕದಲ್ಲಿ ಕುಳಿತು ಆಟ ನೋಡುತ್ತಿದ್ದರು. ತೆರೆಯ ಮೇಲೆ ಒಬ್ಬ ಹುಡುಗಿ ತ್ರಿಶೂಲ ಹಿಡಿದು ರಕ್ಕಸರೊಡನೆ ಕಾದಾಡುತ್ತಿದ್ದಳು. ತುಸು ಹೊತ್ತಿನ ಮೇಲೆ ತಾಯಿಯವರು, "ಇದೆಂಥ ಆಟವೇ ಕೂಸೇ? ರಕ್ಕಸ ಬಂದರೂ ಚಂಡೆಯ ಸದ್ದೇ ಇಲ್ಲ!" ಎಂದರು. "ಸದ್ದು ಇದೆ ಅಜ್ಜಿ, ಅಪ್ಪ ಮುಚ್ಚಿಸಿದ್ದಾರೆ" ಎಂದು ಮಗಳು ದೂರು ಸಲ್ಲಿಸಿದಳು. ನಾವು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆವು. ಹಿಮ್ಮೇಳವಿಲ್ಲದ ಆಟ ಆಟವೇ ಅಲ್ಲವೆಂದು ಅಜ್ಜಿ ತೀರ್ಪು ಕೊಟ್ಟರು. ಸದ್ದು ಹೊರಬಂತು.

ತಾಯಿಯವರು ಆಡಿದ ಮಾತು ತಮಾಷೆಯದಾಗಿರಲಿಲ್ಲ ಎಂಬುದು ನಮಗೆ ಆಮೇಲೆ ಹೊಳೆಯಿತು. ನಮ್ಮ ಕರಾವಳಿಯಲ್ಲಿ 'ಆಟಕ್ಕೆ ಹೋಗಿದ್ದೆವು' ಎಂದರೆ ಯಕ್ಷಗಾನಕ್ಕೆ ಹೋಗಿದ್ದೆವೆಂದೇ ಅರ್ಥ. ಚೆಂಡಾಟವೂ ಆಟ, ಬಯಲಾಟವೂ ಆಟ, ತೊಗಲುಗೊಂಬೆಯೂ ಆಟವೇ. ಒಂದೇ ಪದದಲ್ಲಿ ಇಷ್ಟನ್ನೆಲ್ಲ ಹಿಡಿದಿಟ್ಟ ಭಾಷೆಯವರು ನಾವು. ಈ ಹೊಸ ಆಟಕ್ಕೂ ಹಿಮ್ಮೇಳ ಬೇಕೇ, ಬೇಕಾದರೆ ಏಕೆ ಎಂದು ಕೇಳುವ ಹಕ್ಕು ನಮಗಿದೆ.

ಚರಿತ್ರೆ ದೊಡ್ಡದೇನಲ್ಲ, ಐವತ್ತು ವರ್ಷಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ 'ಪಾಂಗ್' ಎಂಬ ಆಟ ಬಂದಿತು. ತೆರೆಯ ಮೇಲೆ ಎರಡು ಗೆರೆ, ನಡುವೆ ಒಂದು ಚುಕ್ಕೆ. ಚೆಂಡು ತಗುಲಿದಾಗ ಜನರು ಹರ್ಷೋದ್ಗಾರ ಮಾಡಿದಂತೆ ಕೇಳಿಸಬೇಕೆಂದು ಯಜಮಾನರ ಆಸೆ. ಆಟ ಕಟ್ಟಿದ ಎಂಜಿನಿಯರ್ ಆಲ್ ಆಲ್ಕಾರ್ನ್ ಅವರ ಬಳಿ ಅದಕ್ಕೆ ತಕ್ಕ ಬಿಡಿಭಾಗಗಳಿರಲಿಲ್ಲ. ಚಿತ್ರ ಮೂಡಿಸುವ ಮಂಡಲದೊಳಗೆ ಆಗಲೇ ಇದ್ದ ಮಿಡಿತಗಳನ್ನೇ ಹುಡುಕಿ ತೆಗೆದು 'ಟಕ್' ಎಂಬ ಸದ್ದು ಮಾಡಿದರು. ವಿಡಿಯೋ ಆಟದ ನಾದ ಹುಟ್ಟಿದ್ದು ಹೀಗೆ, ಇದ್ದುದರಲ್ಲೇ ಹೊಂದಿಸಿಕೊಂಡು. ಮನೆ ನಡೆಸುವವರಿಗೆ ಇದು ಹೊಸ ವಿದ್ಯೆಯಲ್ಲ.

ನಿಜವಾದ ಹೆಜ್ಜೆ 1978ರದು. ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ಅವರು ರಚಿಸಿದ 'ಸ್ಪೇಸ್ ಇನ್ವೇಡರ್ಸ್'ನಲ್ಲಿ ಇದ್ದದ್ದು ನಾಲ್ಕೇ ಮಂದ್ರ ಸ್ವರಗಳು, ಒಂದರ ಕೆಳಗೊಂದು, ಮತ್ತೆ ಮತ್ತೆ. ಆದರೆ ವೈರಿಗಳ ಸಂಖ್ಯೆ ಕಡಿಮೆಯಾದಂತೆ ಉಳಿದವರ ನಡಿಗೆ ಚುರುಕಾಗುತ್ತಿತ್ತು. ಅದರೊಡನೆ ಆ ನಾಲ್ಕು ಸ್ವರಗಳ ಲಯವೂ ಏರುತ್ತಿತ್ತು. ನಡಿಗೆ ಚುರುಕಾಗಲು ಕಾರಣ, ಚಿತ್ರಿಸಬೇಕಾದ ಬೊಂಬೆಗಳು ಕಡಿಮೆಯಾದಷ್ಟೂ ಯಂತ್ರಕ್ಕೆ ಹೊರೆ ತಗ್ಗುತ್ತಿತ್ತು ಎಂಬುದು ಮಾತ್ರ. ಕಾರಣ ಏನೇ ಇರಲಿ, ಆಡುವವನ ಎದೆಬಡಿತವೂ ಅದರ ಜೊತೆಗೇ ಏರುತ್ತಿತ್ತು. ವಿಳಂಬದಿಂದ ದ್ರುತಕ್ಕೆ ಹೋಗುವುದರ ಬಲ ಏನೆಂದು ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ನಮ್ಮ ಭೀಮಸೇನ ಜೋಶಿಯವರನ್ನು ಕೇಳಿದವರಿಗೆ ವಿವರಿಸಬೇಕಾಗಿಲ್ಲ.

1983ರಲ್ಲಿ ನಿಂಟೆಂಡೊ ಕಂಪನಿಯ ಮನೆಯಾಟದ ಪೆಟ್ಟಿಗೆ ಬಂದಿತು. ಅದರಲ್ಲಿ ನಾದಕ್ಕೆ ಇದ್ದದ್ದು ಐದೇ ದಾರಿಗಳು: ಎರಡು ಚೌಕ ಅಲೆ, ಒಂದು ತ್ರಿಕೋನ ಅಲೆ, ಒಂದು ಬರಿಯ ಗೊರಗೊರ, ಇನ್ನೊಂದು ಮೊದಲೇ ಮುದ್ರಿಸಿಟ್ಟ ಸದ್ದಿನ ತುಣುಕುಗಳಿಗೆ. ಬಿ.ಎಸ್ಸಿ.ಯಲ್ಲಿ ಆಸಿಲೋಸ್ಕೋಪಿನ ಹಸಿರು ತೆರೆಯ ಮೇಲೆ ಈ ಅಲೆಗಳನ್ನು ಕಂಡು, ಅಂಕ ಗಿಟ್ಟಿಸಿ, ಮರೆತವರು ನಾವು. ಕೋಜಿ ಕೊಂಡೊ ಎಂಬ ತರುಣ ಅವುಗಳಲ್ಲೇ 1985ರ 'ಸೂಪರ್ ಮಾರಿಯೋ'ದ ಸಂಗೀತ ಕಟ್ಟಿದರು. ಆಟ, ಚಿತ್ರ, ಸಂಗೀತ ಎಲ್ಲ ಸೇರಿ ನಲವತ್ತು ಕಿಲೋಬೈಟ್. ಇಂದು ಕಚೇರಿಯಲ್ಲಿ ನಾವು ಕಳಿಸುವ ಒಂದು ರಜೆ ಅರ್ಜಿಯ ಪ್ರತಿಯೂ ಅದಕ್ಕಿಂತ ಭಾರ! ಮಾರಿಯೋ ನೆಲದಡಿಗೆ ಇಳಿದರೆ ಒಂದು ಧಾಟಿ, ನೀರಿನಲ್ಲಿ ಇನ್ನೊಂದು, ಹೊತ್ತು ಮುಗಿಯುತ್ತ ಬಂದರೆ ಅದೇ ಧಾಟಿ ಅವಸರದ ಓಟ. 1990ರ ದಶಕದಲ್ಲಿ ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಕಾರ್ಟ್ರಿಜ್ ಊದಿ ಊದಿ ಹಾಕಿ ಆಡಿದ ನಮಗೆ ಆ ಧಾಟಿ ಇಂದಿಗೂ ಕಂಠಪಾಠ. ಅದೇ ವರ್ಷದ ರಸಾಯನಶಾಸ್ತ್ರ ಒಂದು ಸಾಲೂ ನೆನಪಿಲ್ಲ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾನು ಕಾಪಿಡುವ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು. ವಿಡಿಯೋ ಆಟದ ಸಂಗೀತಕ್ಕೆ ಆ ಮರ್ಯಾದೆ ದೊರೆತದ್ದು ಅದೇ ಮೊದಲು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಿನಿಮಾ ಸಂಗೀತಗಾರನಿಗೆ ಯಾವ ಕ್ಷಣದಲ್ಲಿ ಏನಾಗುತ್ತದೆಂದು ಮೊದಲೇ ಗೊತ್ತು. ಆಟದ ಸಂಗೀತಗಾರನಿಗೆ ಗೊತ್ತಿಲ್ಲ. ಆಡುವವನು ಬಾಗಿಲ ಮುಂದೆ ಹತ್ತು ನಿಮಿಷ ನಿಲ್ಲಬಹುದು, ನುಗ್ಗಿ ಎರಡೇ ಕ್ಷಣದಲ್ಲಿ ಸಾಯಲೂಬಹುದು. ಸಂಗೀತ ಅವನನ್ನು ಕಾಯಬೇಕು, ಅಪಸ್ವರವಿಲ್ಲದೆ ತಿರುಗಬೇಕು. ಇದಕ್ಕಾಗಿ ಅಮೆರಿಕದ ಲೂಕಾಸ್ ಆರ್ಟ್ಸ್ ಸಂಸ್ಥೆಯಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಅವರು 'ಐಮ್ಯೂಸ್' ಎಂಬ ವ್ಯವಸ್ಥೆ ರೂಪಿಸಿದರು. 1991ರ 'ಮಂಕಿ ಐಲೆಂಡ್' ಎರಡನೆಯ ಭಾಗದಲ್ಲಿ ಅದು ಮೊದಲು ಬಳಕೆಯಾಯಿತು.

ಇದನ್ನು ಓದಿದಾಗ ನಮಗೆ ಭಾಗವತರು ಕಣ್ಣ ಮುಂದೆ ನಿಂತರು. ವೇಷದ ಕುಣಿತಕ್ಕೆ ಹುರುಪು ಬಂದರೆ ಅದೇ ಸಾಲನ್ನು ಮತ್ತೆ ಎತ್ತುತ್ತಾರೆ. ವೇಷಧಾರಿ ದಣಿದರೆ ಪದ ಮುಗಿಸುತ್ತಾರೆ. ಅರ್ಥಗಾರಿಕೆ ಹಳಿ ತಪ್ಪಿದರೆ ತಾಳ ತಟ್ಟಿ ಎಚ್ಚರಿಸುತ್ತಾರೆ. ಮದ್ದಳೆ ಎಲ್ಲಿ, ಚಂಡೆ ಎಲ್ಲಿ ಎಂಬುದು ರಂಗದ ಮೇಲೆ ಆ ಗಳಿಗೆ ನಡೆಯುವುದನ್ನು ನೋಡಿಕೊಂಡೇ. ಆಟಕ್ಕೆ ಮುಂಚೆ ಬಾರಿಸುವ 'ಕೇಳಿ' ಊರಿನ ಜನರನ್ನು ಕರೆತಂದ ಹಾಗೆಯೇ ಹಳೆಯ ಆಟದ ಅಂಗಡಿಗಳಲ್ಲಿ ಯಂತ್ರಗಳು ತಮ್ಮಷ್ಟಕ್ಕೆ ಕೂಗಿ ಗಿರಾಕಿಗಳನ್ನು ಕರೆಯುತ್ತಿದ್ದವು. ಕಂಪ್ಯೂಟರಿಗೆ 1991ರಲ್ಲಿ ಕಲಿಸಿದ್ದನ್ನು ನಮ್ಮ ಹಿಮ್ಮೇಳದವರು ಗದ್ದೆಯಲ್ಲಿ ಚಾಪೆ ಹಾಸಿ ತಲೆಮಾರುಗಳಿಂದ ಮಾಡುತ್ತಿದ್ದರು.

ಇದನ್ನು ಬರಿಯ ಊರಭಿಮಾನವೆಂದು ತಳ್ಳಬೇಡಿ. ನಾವು ಅನ್ನ ಉಣ್ಣುತ್ತಿರುವ ಈ ನಾಡಿಗೂ ಇದರ ನಂಟಿದೆ. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತು; ಅದು ಕರ್ಕಿಯ ಮೇಳವೆಂದು ನಮ್ಮ ಕಡೆ ಹೇಳುತ್ತಾರೆ. ಅದನ್ನು ಕಂಡ ಸಂಸ್ಥಾನಿಕರು ಮರಾಠಿಯಲ್ಲೂ ಇಂಥದು ಬೇಕೆಂದರು. 1843ರಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ' ಆಡಿಸಿದರು. ಅಲ್ಲಿಯೂ ಹಾಡುತ್ತಿದ್ದವನು ಸೂತ್ರಧಾರ. ಮುಂದೆ 1880ರಲ್ಲಿ ಇದೇ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಪಾತ್ರಧಾರಿಗಳಿಂದಲೇ ಹಾಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಅಂದರೆ ಆಟಕ್ಕೆ ಹಾಡು ಬೇಕೆಂಬ ಮಾತು ಈ ಊರಿಗೆ ನಮ್ಮ ಗಡಿ ದಾಟಿಯೇ ಬಂದಿದೆ.

ಈಗ ಮಗಳು ಆಡುತ್ತಿದ್ದ ಆಟಕ್ಕೆ ಮರಳೋಣ. ಅದರ ಹೆಸರು 'ರಾಜಿ'. ಮಾಡಿದ್ದು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ಸಂಸ್ಥೆ, ಬಿಡುಗಡೆ 2020ರಲ್ಲಿ. ರಕ್ಷಾಬಂಧನದ ದಿನ ರಕ್ಕಸರು ಒಯ್ದ ತಮ್ಮನನ್ನು ಹುಡುಕಿ ಹೊರಟ ಅಕ್ಕನ ಕಥೆ. ನಡುನಡುವೆ ಕಥೆ ಸಾಗುವುದು ತೊಗಲುಗೊಂಬೆಯ ನೆರಳಿನಲ್ಲಿ. ವಿಷ್ಣುವೂ ದುರ್ಗೆಯೂ ಮಾತಾಡಿಕೊಳ್ಳುತ್ತ ಕಥೆ ಹೇಳುತ್ತಾರೆ. ಇನ್ನೇನು ಬೇಕು, ಬಯಲಾಟವೇ! ಆ ವರ್ಷದ ಜಾಗತಿಕ ಪ್ರಶಸ್ತಿಯೊಂದರ ಅಂತಿಮ ಪಟ್ಟಿಗೂ ಅದು ಏರಿತು. ಅದರ ಸಂಗೀತ ಮಾಡಿದವರು ಯಾರೆಂದು ನೋಡಿದರೆ ಗ್ರೀಸ್ ದೇಶದ ಲೈನೋಸ್ ಟ್ಸೆಲೋಸ್. ಭಾರತೀಯ ವಾದ್ಯಗಳನ್ನು ಬೆರೆಸಿ ಚೆನ್ನಾಗಿಯೇ ಮಾಡಿದ್ದಾರೆ. ಅವರ ಮೇಲೆ ನಮಗೆ ಗೌರವವೇ. ನಮ್ಮ ಪ್ರಶ್ನೆ ನಮ್ಮ ಮೇಲೆ. ಹಿಮ್ಮೇಳ ಕಲಿತವರು ನಾವು, ಕಂಪ್ಯೂಟರ್ ಕಲಿತವರೂ ನಮ್ಮ ಮಕ್ಕಳೇ. ಇವೆರಡೂ ಒಂದೇ ಮನೆಯಲ್ಲಿ ಏಕೆ ಕೂಡಿ ಬರಲಿಲ್ಲ?

ಭಾಷೆ ಅಡ್ಡಿಯೆನ್ನುವಂತಿಲ್ಲ. 1989ರಲ್ಲಿ 'ಟೆಟ್ರಿಸ್' ಆಟದ ಮೂಲಕ ರಷ್ಯಾದ ಜಾನಪದ ಹಾಡಿನ ಧಾಟಿಯೊಂದು ಲೋಕದ ಮಕ್ಕಳ ಬಾಯಿಗೆಲ್ಲ ಬಂತು. 2005ರ 'ಸಿವಿಲೈಸೇಷನ್' ನಾಲ್ಕನೆಯ ಭಾಗಕ್ಕೆ ಕ್ರಿಸ್ಟೋಫರ್ ಟಿನ್ ರಚಿಸಿದ 'ಬಾಬಾ ಯೇತು' ಸ್ವಾಹಿಲಿ ಭಾಷೆಯದು. ವಿಡಿಯೋ ಆಟಕ್ಕಾಗಿ ಹುಟ್ಟಿ ಗ್ರ್ಯಾಮಿ ಪಡೆದ ಮೊದಲ ಹಾಡು ಅದೇ, 2011ರಲ್ಲಿ. ಟೋಕಿಯೋ ಒಲಿಂಪಿಕ್ಸಿನ ಉದ್ಘಾಟನೆ 2021ರಲ್ಲಿ ನಡೆದಾಗ ದೇಶದೇಶಗಳ ಕ್ರೀಡಾಪಟುಗಳು ಮೈದಾನಕ್ಕೆ ಬಂದದ್ದು ಜಪಾನಿನ ವಿಡಿಯೋ ಆಟಗಳ ಸಂಗೀತದ ಮೇಲೆ. ಅವರು ಅದನ್ನು ಮಕ್ಕಳಾಟವೆಂದು ಬಚ್ಚಿಡಲಿಲ್ಲ.

ನಾವು ಬಚ್ಚಿಟ್ಟೆವು. ಹನ್ನೊಂದನೆಯ ತರಗತಿಯ ಮಗಳು ಕಳೆದ ವರ್ಷ, "ಆಟಗಳಿಗೆ ಸಂಗೀತ ಮಾಡುವ ಕೆಲಸ ಕಲಿಯುತ್ತೇನೆ" ಎಂದಾಗ ನಾವು ನಕ್ಕುಬಿಟ್ಟಿದ್ದೆವು. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಸದ್ದು ಮುಚ್ಚಿಸಿದ ಕಾಯಿದೆ ಬಂದದ್ದು ಅದರ ಮರುವಾರ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದೇ ವಾಸಿ. ವಿಮಾನದ ಗದ್ದಲ ಒಂದು ನೆಪ.

ಪಿಂಚಣಿಯಿಲ್ಲದ ಕೆಲಸಕ್ಕೆ ಮಗಳನ್ನು ಕಳಿಸುವ ಧೈರ್ಯ ನಮಗೆ ಪೂರ್ತಿ ಬಂದಿಲ್ಲ. ಆದರೆ ಬರುವ ಬೇಸಿಗೆಯಲ್ಲಿ ಅವಳು ಅಜ್ಜಿಯ ಮನೆಯಲ್ಲಿದ್ದು ಮದ್ದಳೆಯ ಮೊದಲ ಪಾಠ ಕಲಿಯುವುದೆಂದು ಠರಾವಾಗಿದೆ. ಸಂಘದ ಬಂಧುಗಳಲ್ಲಿ ಒಂದೇ ವಿನಂತಿ: ರಜೆಯಲ್ಲಿ ಊರಿಗೆ ಹೋಗಿ ಆಟ ನೋಡುವಾಗ ಮಕ್ಕಳನ್ನು ಸ್ವಲ್ಪ ಹೊತ್ತಾದರೂ ಭಾಗವತರು ಕಾಣುವ ಮಗ್ಗುಲಿಗೆ ಕೂರಿಸಿರಿ. ವೇಷ ಎಲ್ಲರಿಗೂ ಕಾಣುತ್ತದೆ. ಅದನ್ನು ಕುಣಿಸುವವರು ಆ ಕಡೆಯಿಂದ ಮಾತ್ರ ಕಾಣುತ್ತಾರೆ.