ಶಕ್ತಿಪಾನೀಯಗಳ ಗುಣದೋಷ: ಕೊಳ್ಳೇಗಾಲ ಸೀಮೆಯ ಇತಿಹಾಸದ ದೃಷ್ಟಿಯಿಂದ

೧೯೫೬ಕ್ಕೆ ಮೊದಲು, ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು; ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿದ್ದ ಯಳಂದೂರು ಮೈಸೂರು ಸೀಮೆಯದು. ಆಳ್ವಿಕೆ ಬೇರೆಯಾದರೂ ಮಳೆಯನ್ನು ನಂಬಿದ ಊರುಗಳ ರೈತನಿಗೆ ಎರಡೆಡೆಯಲ್ಲಿಯೂ ರಾಗಿಯೇ ಆಧಾರ.

ಈ ಸೀಮೆಯಲ್ಲಿ ದಣಿವಾರಿಸುವ ಪಾನೀಯಗಳು ಎರಡು ಬಗೆಯವು. ರಾಗಿಯ ಅಂಬಲಿ, ಬೆಲ್ಲದ ಪಾನಕಗಳು ಮೊದಲನೆಯ ಬಗೆ. ಮಹದೇಶ್ವರ ಬೆಟ್ಟಕ್ಕೆ ನಡೆದುಹೋಗುವ ಯಾತ್ರಿಕರಿಗೆ ಭಕ್ತರು ಪಾನಕ ಮಜ್ಜಿಗೆಗಳನ್ನು ನೀಡುವುದುಂಟು. ಇವು ಆಹಾರವೇ ಆಗಿವೆ. ಎರಡನೆಯದು ಕಾಫಿ. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಮಾರಿಸ್ ಮನೆತನದವರು ಬಿಳಿಗಿರಿರಂಗನ ಬೆಟ್ಟಗಳಲ್ಲಿ ಕಾಫಿತೋಟಗಳನ್ನು ಬೆಳೆಸಿದರು. ಕಾಫಿಯ ಸಾರವಾದ ಕೆಫೀನನ್ನು ಜರ್ಮನಿಯ ರುಂಗೆ ೧೮೧೯ರಲ್ಲಿ ಬೇರ್ಪಡಿಸಿದನು. ಅದು ದೇಹವನ್ನು ಪೋಷಿಸುವುದಿಲ್ಲ. ಆಯಾಸದ ಅರಿವನ್ನು ಕೆಲಹೊತ್ತು ತಡೆಯುತ್ತದೆ.

ಇಂದು ಡಬ್ಬಿಗಳಲ್ಲಿ ಬರುವ ಶಕ್ತಿಪಾನೀಯವು ಸಕ್ಕರೆ, ಕೆಫೀನುಗಳೆರಡನ್ನೂ ಬೆರೆಸಿ 'ಶಕ್ತಿ'ಯೆಂಬ ಒಂದೇ ಹೆಸರಿನಿಂದ ಕರೆಯುತ್ತದೆ. ಇರುಳಿನಲ್ಲಿ ಲಾರಿ ನಡೆಸುವವನಿಗೂ ಪರೀಕ್ಷೆಗೆ ಓದುವ ವಿದ್ಯಾರ್ಥಿಗೂ ಅದರಿಂದ ಎಚ್ಚರ ಒದಗುವುದು ನಿಜ. ಆದರೆ ಮಿತಿಮೀರಿದಲ್ಲಿ ನಿದ್ರಾಭಂಗ, ಎದೆಬಡಿತಗಳು ತಪ್ಪವು. ಸಕ್ಕರೆಯ ಹೊರೆಯೂ ಕೂಡುತ್ತದೆ. ಭಾರತದ ಆಹಾರನಿಯಮವು ಇಂಥ ಪಾನೀಯಗಳಲ್ಲಿ ಕೆಫೀನು ಲೀಟರಿಗೆ ೩೦೦ ಮಿಲಿಗ್ರಾಂ ಮೀರಬಾರದೆಂದೂ, ಮಕ್ಕಳಿಗೂ ಗರ್ಭಿಣಿಯರಿಗೂ ಇವು ತಕ್ಕುವಲ್ಲವೆಂದು ಡಬ್ಬಿಯ ಮೇಲೆ ನಮೂದಿಸಬೇಕೆಂದೂ ವಿಧಿಸಿರುವುದು ಈ ಕಾರಣದಿಂದಲೇ.

ಅಂಬಲಿಯು ಬಹುಮಟ್ಟಿಗೆ ಬಡತನದ ಊಟವಾಗಿದ್ದಿತೆಂಬುದನ್ನು ಮರೆತು ಅದನ್ನು ಹೊಗಳುವುದು ಸಲ್ಲದು. ಆದರೂ ಅದು ದುಡಿಮೆಗೆ ಬೇಕಾದುದನ್ನು ಕೊಟ್ಟಿತು. ಕೆಫೀನು ಕೊಡುವುದು ವಿಶ್ರಾಂತಿಯನ್ನು ಮುಂದೂಡುವ ಅವಕಾಶವನ್ನು ಮಾತ್ರ. ಈ ಭೇದವನ್ನು ತಿಳಿದು ಬಳಸುವವನಿಗೆ ಅದು ಉಪಕಾರಿ. ತಿಳಿಯದವನಿಗೆ ತೀರಿಸಲೇಬೇಕಾದ ಸಾಲ.