ವರ್ಮಾಂಟಿನ ಛಾವಣಿ ಸೇತುವೆಗಳು

ಅಮೇರಿಕಾ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ ವರ್ಮಾಂಟ್ ಎಂಬ ಗುಡ್ಡಗಾಡು ಪ್ರಾಂತವಿರುವುದು. ಅಲ್ಲಿಯ ಜನರಲ್ಲಿ ಬಹುಭಾಗವು ಹಳ್ಳಿಗಳಲ್ಲಿಯೂ ಸಣ್ಣ ಊರುಗಳಲ್ಲಿಯೂ ವಾಸಿಸುವುದು. ಕೋಟೆಕೊತ್ತಲಗಳಾಗಲಿ ಅರಮನೆಗಳಾಗಲಿ ಆ ನಾಡಿನ ಹಿರಿಮೆಯಲ್ಲ. ಬಡಗಿಗಳು ಹೊಳೆಹಳ್ಳಗಳ ಮೇಲೆ ಕಟ್ಟಿದ ಮರದ ಸೇತುವೆಗಳೇ ಅದರ ಪೂರ್ವಾರ್ಜಿತ ಸಂಪತ್ತು. ಅವುಗಳಲ್ಲಿ ಸುಮಾರು 100 ಇಂದಿಗೂ ಉಳಿದಿರುವುವು.

ಈ ಸೇತುವೆಗಳಿಗೆ ಮನೆಗಳಂತೆ ಛಾವಣಿಯೂ ಪಕ್ಕದ ಗೋಡೆಗಳೂ ಉಂಟು. ನೋಡುವವರಿಗೆ ಇದು ಕೇವಲ ಅಲಂಕಾರವೆಂದು ತೋರಬಹುದು. ಆದರೆ ಅದರ ಕಾರಣವೇ ಬೇರೆ. ಭಾರವನ್ನು ಹೊರುವುದು ಇಕ್ಕೆಲಗಳ ಮರದ ಹೆಣಿಗೆ. ಅದು ಮಳೆ ಹಿಮಗಳಿಗೆ ಮೈಯೊಡ್ಡಿದರೆ ಬೇಗನೆ ಕೊಳೆಯುವುದು. ಛಾವಣಿಯ ಮರೆಯಲ್ಲಿದ್ದರೆ ನೂರು ವರ್ಷಗಳನ್ನು ಮೀರಿ ಬಾಳುವುದು.

ಬಾರ್ಟನ್ಸ್‌ವಿಲ್ ಎಂಬ ಹಳ್ಳಿಯಲ್ಲಿ ವಿಲಿಯಮ್ಸ್ ನದಿಯ ಮೇಲೆ ಸ್ಯಾನ್‌ಫರ್ಡ್ ಗ್ರೇಂಜರನು 1870ರಲ್ಲಿ ಇಂತಹದೊಂದು ಸೇತುವೆಯನ್ನು ಕಟ್ಟಿದನು. ಹಲಗೆಗಳನ್ನು ಜಾಲರಿಯಂತೆ ಹೆಣೆದು ಮರದ ಗೂಟಗಳಿಂದ ಬಿಗಿಯುವ ಪದ್ಧತಿ ಅದರದು. 141 ವರ್ಷಗಳ ಕಾಲ ನಿಂತಿದ್ದ ಆ ಸೇತುವೆಯು 2011ನೆಯ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಪ್ರವಾಹದಲ್ಲಿ ಕೊಚ್ಚಿಹೋಯಿತು. ಕಬ್ಬಿಣ ಸಿಮೆಂಟುಗಳ ಸೇತುವೆಯೊಂದು ಆ ಸ್ಥಳವನ್ನು ತುಂಬಬಹುದಾಗಿತ್ತು. ಆದರೆ ಅಲ್ಲಿ ಅದೇ ಜಾಲರಿಯ ಹೆಣಿಗೆಯ, ಅದೇ ಬಗೆಯ ಛಾವಣಿಯ ಮರದ ಸೇತುವೆಯೇ ಮರಳಿ ಎದ್ದಿತು. 2013ನೆಯ ಜನವರಿಯಲ್ಲಿ ಸಂಚಾರಕ್ಕೆ ತೆರೆಯಿತು.

ತೊಲೆಗಳು ಹೊಸವು, ವಿದ್ಯೆ ಮಾತ್ರ ಹಳೆಯದು. ಆ ವಿದ್ಯೆಯನ್ನು ಬಲ್ಲವರು ಅಳಿದುಹೋಗಿದ್ದರೆ ಹಳ್ಳಿಗೆ ಉಳಿಯುತ್ತಿದ್ದುದು ಒಂದು ಚಿತ್ರಪಟವಷ್ಟೆ. ಆದುದರಿಂದ ಪ್ರಾಚೀನ ಕಟ್ಟಡಗಳನ್ನು ರಕ್ಷಿಸಬೇಕೆನ್ನುವವರು ಕಲ್ಲುಮರಗಳನ್ನು ಕಾಯ್ದರೆ ಸಾಲದು. ಅವನ್ನು ಕಟ್ಟಬಲ್ಲ ಕೈಗಳನ್ನೂ ಕಾಯಬೇಕು.