ನೆಕ್ಕರಿಕದ ಬೇರು, ಹುಳಿಮಣ್ಣು ಮತ್ತು ಜೀವಕೋಶದ ಪೊರೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಬೇರೆ ಗಿಡಗಳು ಸೊರಗುವ ಕೆಮ್ಮಣ್ಣಿನ ಧರೆಯ ಮೇಲೂ ನೆಕ್ಕರಿಕ ನೇರಳೆ ಹೂ ಬಿಟ್ಟು ಸೊಕ್ಕಿ ನಿಲ್ಲುತ್ತದೆ. ಹಣ್ಣು ತಿಂದವರ ನಾಲಿಗೆ ಕಪ್ಪಾಗಿಸುವ ಈ ಗಿಡ ಎಲೆಯಲ್ಲಿ ಅಲ್ಯೂಮಿನಿಯಂ ಕೂಡಿಟ್ಟುಕೊಂಡೂ ಬಾಡುವುದಿಲ್ಲ. ಕಾರಣದ ಒಂದು ಭಾಗ ಬೇರಿನ ಕೋಶಪೊರೆಯ ಕೊಬ್ಬಿನಲ್ಲಿ, ಅಂದರೆ ಲಿಪಿಡ್‌ಗಳಲ್ಲಿದೆ.

ಇಲ್ಲಿನ ಜಡಿಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ. ರಸಸಾರ 5ಕ್ಕಿಂತ ಇಳಿದಲ್ಲಿ ಅಲ್ಯೂಮಿನಿಯಂ ಕರಗಿ, ಮೂರು ಧನ ವಿದ್ಯುದಂಶ ಹೊತ್ತ ಅಯಾನಾಗಿ ಬೇರಿನ ತುದಿ ತಲುಪುತ್ತದೆ. ಎದುರಿಗಿರುವ ಪೊರೆ ಋಣ. ಅದರ ಲಿಪಿಡ್‌ಗಳೆಲ್ಲ ಒಂದೇ ಬಗೆಯವಲ್ಲ: ಫಾಸ್ಫಟೈಡಿಲ್‌ಕೋಲಿನ್‌ನಲ್ಲಿ ಧನ-ಋಣ ಸರಿದೂಗುತ್ತವೆ, ಫಾಸ್ಫಟೈಡಿಲ್‌ಸೆರಿನ್‌ನಲ್ಲಿ ಒಂದು ಋಣ ಉಳಿಯುತ್ತದೆ. ಪ್ರಮಾಣದಲ್ಲಿ ತೀರ ಕಡಿಮೆಯಿರುವ ಪಿಐ4ಪಿ ಎಂಬ ಲಿಪಿಡ್ಡೇ ಹೊರಪೊರೆಯ ಒಳಮೈಗೆ ಬಲವಾದ ಋಣತ್ವ ಕೊಡುತ್ತದೆಂದು ಫ್ರಾನ್ಸಿನ ಲಿಯೋನ್‌ನ ತಂಡ 2016ರಲ್ಲಿ ಅರಾಬಿಡಾಪ್ಸಿಸ್ ಸಸ್ಯದಲ್ಲಿ ತೋರಿಸಿತು. ಫಾಸ್ಫಟೈಡಿಕ್ ಆಮ್ಲ ಮತ್ತು ಫಾಸ್ಫಟೈಡಿಲ್‌ಸೆರಿನ್ ಅದರ ಜೊತೆಗೂಡುತ್ತವೆ ಎಂಬುದು 2018ರ ಸೇರ್ಪಡೆ. ಅದು ಒಳಮೈಯ ಲೆಕ್ಕ. ಮಣ್ಣಿನ ನೀರು ಮುಟ್ಟುವುದು ಹೊರಮೈಯನ್ನು. ಇವೆರಡನ್ನು ಬೆರೆಸಬಾರದು.

ಹೊರಮೈಯ ಕಡೆ 1989ರ ಒಂದು ಅಳತೆ ಇನ್ನೂ ಬೆರಗು ಹುಟ್ಟಿಸುತ್ತದೆ: ಒಟ್ಟಾರೆ ವಿದ್ಯುದಂಶವೇ ಇಲ್ಲದ ಫಾಸ್ಫಟೈಡಿಲ್‌ಕೋಲಿನ್‌ಗೂ ಅಲ್ಯೂಮಿನಿಯಂ ಕ್ಯಾಲ್ಸಿಯಂಗಿಂತ 560 ಪಟ್ಟು ಬಿಗಿಯಾಗಿ ಅಂಟುತ್ತದೆ. ಅಂಟಿದ್ದು ಕ್ಯಾಲ್ಸಿಯಂನ ಜಾಗ ಕಸಿದು ಪೊರೆಯನ್ನು ಗಡುಸಾಗಿಸುತ್ತದೆ. ಹಾಗಾದರೆ ಫಾಸ್ಫೇಟ್ ತಲೆಯ ಲಿಪಿಡ್ಡುಗಳೇ ಕಡಿಮೆಯಿದ್ದರೆ? ಜಪಾನಿನ ಸಂಶೋಧಕರು ನೆಕ್ಕರಿಕದ ಬೇರಿನಲ್ಲಿ ಕಂಡದ್ದು ಅದನ್ನೇ. ಭತ್ತದಲ್ಲೂ ರಂಜಕದ ಕೊರತೆಯಾದಾಗ ಫಾಸ್ಫೋಲಿಪಿಡ್ ಇಳಿದು, ಅಲ್ಯೂಮಿನಿಯಂ ತಡೆದುಕೊಳ್ಳುವ ಶಕ್ತಿ ಏರಿತೆಂದು 2014ರಲ್ಲಿ ವರದಿಯಾಯಿತು. ಹಾಗೆಂದು ರಂಜಕ ಕೊಡದಿರುವುದು ಉಪಾಯವಲ್ಲ. ಬೇರು ಬದುಕಿದರೂ ತೆನೆ ಸೊರಗುತ್ತದೆ.

ಹುಳಿಮಣ್ಣಿಗೆ ಸುಣ್ಣ ಹಾಕುವುದನ್ನು ಹುಳಿ ತೆಗೆಯುವ ಕೆಲಸವೆಂದಷ್ಟೇ ವಿವರಿಸುವುದು ನನಗೆ ಅರೆ ವಿವರಣೆಯಾಗಿ ತೋರುತ್ತದೆ. ಅದರ ಕ್ಯಾಲ್ಸಿಯಂ ಪೊರೆಯ ಋಣತ್ವವನ್ನೂ ತಗ್ಗಿಸಿ ಅಲ್ಯೂಮಿನಿಯಂನ ಸೆಳೆತ ಕುಗ್ಗಿಸುತ್ತದೆ. ಸೊಪ್ಪಿನಬೆಟ್ಟದ ಸೊಪ್ಪು ಕೊಳೆತಾಗ ಹುಟ್ಟುವ ಸಾವಯವ ಆಮ್ಲಗಳದ್ದು ಬೇರೆ ದಾರಿ, ಅವು ಅಲ್ಯೂಮಿನಿಯಂ ಅನ್ನು ಮಣ್ಣಿನಲ್ಲೇ ಹಿಡಿದುಹಾಕುತ್ತವೆ.

ನೆಕ್ಕರಿಕ ಮತ್ತು ಭತ್ತದ ಆ ಪ್ರಯೋಗಗಳು ನಡೆದದ್ದು ಪೋಷಕದ್ರಾವಣದಲ್ಲಿ, ಮಣ್ಣಿನಲ್ಲಲ್ಲ. ಒಂದೇ ಧರೆಯ ನೆಕ್ಕರಿಕ, ಅದರ ಕೆಳಗಿನ ಗದ್ದೆಯ ಭತ್ತ, ಇವೆರಡರ ಬೇರುತುದಿಯ ಲಿಪಿಡ್ಡನ್ನು ಮಣ್ಣಿನ ರಸಸಾರದೊಂದಿಗೆ ಅಳೆಯುವುದು ಮುಂದಿನ ಹೆಜ್ಜೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಮಾದರಿಗಾಗಿ ದೂರ ಹೋಗಬೇಕಿಲ್ಲ.